ಒಂದು ಕ್ಲಿಕ್ ಎಫೆಕ್ಟ್ ಒಳಗೆ ಏನಿರುತ್ತದೆ? ಅದನ್ನು ನಮ್ಮ ಫೋಟೊಗೆ ಒಗ್ಗಿಸುವುದು ಹೇಗೆ?

ಎಲ್ಲೋ ಒಂದು ಚೆಂದದ ಫೋಟೊ ಕಣ್ಣಿಗೆ ಬೀಳುತ್ತದೆ. ಮೆತ್ತಗಿನ ಬೆಳಕು, ಹದವಾದ ಬಣ್ಣ, ಮರಗಳ ಸುತ್ತ ಕನಸಿನಂಥ ಒಂದು ಹೊಳಪು. ಪಕ್ಕದಲ್ಲೇ ಆ ಎಫೆಕ್ಟ್‌ನ ಫೈಲ್ ಕೂಡ ಸಿಗುತ್ತದೆ. ಇಳಿಸಿಕೊಂಡು, ನಮ್ಮ ಫೋಟೊ ತೆರೆದು, ಒಂದು ಕ್ಲಿಕ್ ಮಾಡುತ್ತೇವೆ. ನೋಡಿದರೆ ಮುಖ ಕಿತ್ತಳೆ ಬಣ್ಣಕ್ಕೆ ತಿರುಗಿದೆ, ತಲೆಗೂದಲು ಕಪ್ಪು ಮುದ್ದೆಯಾಗಿದೆ, ಆಕಾಶ ಬೆಳ್ಳಗೆ ಸುಟ್ಟುಹೋಗಿದೆ. ಹೆಚ್ಚಿನವರು ಇಲ್ಲಿಗೇ ಕೈಬಿಟ್ಟು, ಇನ್ನೊಂದು ಎಫೆಕ್ಟ್ ಹುಡುಕಲು ಹೊರಡುತ್ತಾರೆ.

ಹಾಗೆ ಹುಡುಕುತ್ತಾ ಹೋಗಬೇಕಾಗಿಲ್ಲ. ಆ ಎಫೆಕ್ಟ್ ಬೇರೆಯವರ ಅಳತೆಗೆ ಹೊಲಿದ ಅಂಗಿ ಇದ್ದ ಹಾಗೆ. ಹೊಲಿಗೆ ಎಲ್ಲಿದೆ ಅಂತ ಗೊತ್ತಾದರೆ ಬಿಚ್ಚಿ ನಮ್ಮ ಅಳತೆಗೆ ಹೊಲಿದುಕೊಳ್ಳಬಹುದು. ಆ ಹೊಲಿಗೆಗಳನ್ನೇ ಇಲ್ಲಿ ಒಂದೊಂದಾಗಿ ನೋಡೋಣ.

ಫಿಲ್ಟರ್, ಪ್ರೀಸೆಟ್, ಆ್ಯಕ್ಷನ್

ಈ ಮೂರು ಪದಗಳನ್ನು ಜನ ಒಂದರ ಬದಲು ಒಂದು ಬಳಸುತ್ತಾರೆ. ಆದರೆ ಮೂರೂ ಬೇರೆ ಬೇರೆ. ಅದನ್ನು ಮೊದಲು ಬಿಡಿಸಿಕೊಂಡರೆ ಮುಂದಿನದು ಸುಲಭ.

ಫಿಲ್ಟರ್ ಅಂದರೆ ಒಂದೇ ಒಂದು ಕೆಲಸ. ಮಸುಕು ಮಾಡುವುದು, ಚೂಪು ಮಾಡುವುದು, ಮರಳಿನಂಥ ಗ್ರೇನ್ ಸೇರಿಸುವುದು, ಹೀಗೆ. ಫೋನ್ ಆ್ಯಪ್‌ಗಳಲ್ಲಿ ಫಿಲ್ಟರ್ ಅಂತ ಕರೆಯುವುದು ಮಾತ್ರ ಸಾಮಾನ್ಯವಾಗಿ ಇಂಥ ಹಲವು ಕೆಲಸಗಳ ಒಂದು ಕಟ್ಟು.

ಪ್ರೀಸೆಟ್ ಅಂದರೆ ಸ್ಲೈಡರ್‌ಗಳನ್ನು ಎಲ್ಲೆಲ್ಲಿ ನಿಲ್ಲಿಸಿದ್ದೆವು ಎಂಬುದರ ನೆನಪು. ಎಕ್ಸ್‌ಪೋಶರ್ ಇಷ್ಟು, ಕಾಂಟ್ರಾಸ್ಟ್ ಇಷ್ಟು, ನೀಲಿ ಬಣ್ಣ ಇಷ್ಟು ಅಂತ ಬರೆದಿಟ್ಟ ಚೀಟಿ. ಫೋಟೊ ತಿದ್ದುವ ಲೈಟ್‌ರೂಮ್ ಸಾಫ್ಟ್‌ವೇರ್‌ನಲ್ಲಿ ಬಳಸುವುದು ಇದನ್ನೇ. ಇಲ್ಲಿ ಕ್ರಮದ ಪ್ರಶ್ನೆ ಇಲ್ಲ. ಎಲ್ಲ ಸ್ಲೈಡರ್‌ಗಳೂ ಒಟ್ಟಿಗೇ ತಮ್ಮ ತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತವೆ.

ಆ್ಯಕ್ಷನ್ ಅಂದರೆ ಹೆಜ್ಜೆಗಳ ಸಾಲು. ಮೊದಲು ಇದು, ಆಮೇಲೆ ಅದು. ಟೇಪ್ ರೆಕಾರ್ಡರ್ ಹಾಗೆ, ನಾವು ಮಾಡಿದ್ದನ್ನು ಸಾಫ್ಟ್‌ವೇರ್ ರೆಕಾರ್ಡ್ ಮಾಡಿಕೊಳ್ಳುತ್ತದೆ. ಪ್ಲೇ ಒತ್ತಿದರೆ ಇನ್ನೊಂದು ಫೋಟೊ ಮೇಲೆ ಅದೇ ಹೆಜ್ಜೆಗಳನ್ನು ನಡೆಸುತ್ತದೆ. 1990ರಲ್ಲಿ ಮೊದಲು ಹೊರಬಂದ ಫೋಟೊಶಾಪ್‌ಗೆ ಈ ಸೌಲಭ್ಯ ಬಂದದ್ದು 1996ರ 4.0 ಆವೃತ್ತಿಯಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದರ ಮೂಲ ರೂಪ ಜಾಸ್ತಿ ಬದಲಾಗಿಲ್ಲ.

ನಾಲ್ಕನೆಯದೂ ಒಂದಿದೆ, ಲಟ್ ಅಂತ. ಇದು ಬಣ್ಣಗಳ ಕೋಷ್ಟಕ. ಈ ಬಣ್ಣ ಒಳಗೆ ಬಂದರೆ ಆ ಬಣ್ಣವನ್ನು ಹೊರಗೆ ಕೊಡು ಅಂತ ಬರೆದಿರುತ್ತದೆ. ಎಂಟು ಬಿಟ್ ಫೋಟೊದಲ್ಲಿ (ಕೆಂಪು, ಹಸಿರು, ನೀಲಿಗೆ ತಲಾ 256 ಮಟ್ಟ) ಸಾಧ್ಯವಿರುವ ಬಣ್ಣಗಳು 1.67 ಕೋಟಿಗೂ ಹೆಚ್ಚು. ಅಷ್ಟನ್ನೂ ಬರೆದಿಡಲಾಗುವುದಿಲ್ಲ. ಹಾಗಾಗಿ ಸಾಮಾನ್ಯವಾಗಿ 33 × 33 × 33, ಅಂದರೆ 35,937 ಬಣ್ಣಗಳಿಗೆ ಮಾತ್ರ ಉತ್ತರ ಬರೆದು, ನಡುವಿನದನ್ನು ಅಂದಾಜಿನಲ್ಲಿ ತುಂಬಿಕೊಳ್ಳುತ್ತಾರೆ. ಲಟ್ ಒಳಗೆ ಹೆಜ್ಜೆಗಳಿಲ್ಲ, ಸ್ಲೈಡರ್‌ಗಳೂ ಇಲ್ಲ. ಹಾಗಾಗಿ ಅದನ್ನು ಬಿಚ್ಚಿ ತಿದ್ದಲು ಬರುವುದಿಲ್ಲ, ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದನ್ನಷ್ಟೇ ಬದಲಾಯಿಸಬಹುದು.

ಫೋಟೊ ಅಂದರೆ ಬರೀ ಅಂಕಿಗಳು

6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರದ ಫೋಟೊ ತೆಗೆದುಕೊಳ್ಳಿ. ಅದರಲ್ಲಿ 2 ಕೋಟಿ 40 ಲಕ್ಷ ಚುಕ್ಕಿಗಳಿವೆ. ಒಂದೊಂದು ಚುಕ್ಕಿಗೂ ಮೂರು ಅಂಕಿ: ಕೆಂಪು, ಹಸಿರು, ನೀಲಿ. ಒಂದೊಂದು ಅಂಕಿಯೂ 0ಯಿಂದ 255ರ ಒಳಗೆ. 0 ಅಂದರೆ ಕತ್ತಲು, 255 ಅಂದರೆ ಪೂರ್ತಿ ಬೆಳಕು. ಯಾವ ಎಫೆಕ್ಟ್ ಆದರೂ ಕೊನೆಗೆ ಮಾಡುವುದು ಈ ಅಂಕಿಗಳ ಮೇಲೆ ಲೆಕ್ಕವನ್ನೇ.

ಆಟೊ ಬಟನ್ ಉದಾಹರಣೆ ನೋಡಿ. ಒಂದು ಮಂಕಾದ ಫೋಟೊದಲ್ಲಿ ಅತಿ ಕತ್ತಲೆಯ ಚುಕ್ಕಿ 40, ಅತಿ ಬೆಳಕಿನ ಚುಕ್ಕಿ 200 ಅಂತಿಟ್ಟುಕೊಳ್ಳಿ. ಹಳೆಯ ಸರಳ ಆಟೊ ಈ ಪಟ್ಟಿಯನ್ನು ರಬ್ಬರಿನ ಹಾಗೆ ಎರಡೂ ಕಡೆ ಎಳೆಯುತ್ತದೆ. 40 ಇದ್ದದ್ದು 0 ಆಗುತ್ತದೆ, 200 ಇದ್ದದ್ದು 255 ಆಗುತ್ತದೆ, ನಡುವಿನವು ಅದೇ ಅನುಪಾತದಲ್ಲಿ ಹರಡಿಕೊಳ್ಳುತ್ತವೆ. ಫೋಟೊಗೆ ಜೀವ ಬರುತ್ತದೆ. ಆದರೆ ಬೆಳಗಿನ ಮಂಜಿನ ಫೋಟೊ ಮೇಲೆ ಇದೇ ಬಟನ್ ಒತ್ತಿದರೆ ಮಂಜೇ ಮಾಯ! ಆ ಮಂಕು ಬೇಕೆಂದೇ ಇಟ್ಟದ್ದು ಅಂತ ಲೆಕ್ಕಕ್ಕೆ ಹೇಗೆ ಗೊತ್ತಾಗಬೇಕು?

ಮಸುಕು ಮಾಡುವ ಫಿಲ್ಟರ್‌ನ ಲೆಕ್ಕ ಇನ್ನೊಂದು ಬಗೆಯದು. ಪ್ರತಿ ಚುಕ್ಕಿಯೂ ಅಕ್ಕಪಕ್ಕದವರನ್ನು ಕೇಳಿ, ಎಲ್ಲರ ಸರಾಸರಿಯನ್ನು ತನ್ನ ಅಂಕಿಯಾಗಿ ಮಾಡಿಕೊಳ್ಳುತ್ತದೆ. ಎಷ್ಟು ದೂರದವರೆಗೆ ಕೇಳಬೇಕು ಅನ್ನುವುದೇ ರೇಡಿಯಸ್. ಈ ಪದವನ್ನು ನೆನಪಿಡಿ. ಇಳಿಸಿಕೊಂಡ ಎಫೆಕ್ಟ್‌ಗಳು ಕೆಡುವುದು ಬಹಳ ಸಲ ಇಲ್ಲೇ.

ಒಂದು ಎಫೆಕ್ಟನ್ನು ಪೂರ್ತಿ ಬಿಚ್ಚಿ ನೋಡೋಣ

ಕನಸಿನಂಥ ಹೊಳಪು ಅಂದೆನಲ್ಲ, ಅದಕ್ಕೆ ಆರ್ಟನ್ ಎಫೆಕ್ಟ್ ಅಂತ ಹೆಸರು. ಕೆನಡಾದ ಛಾಯಾಗ್ರಾಹಕ ಮೈಕಲ್ ಆರ್ಟನ್ 1980ರ ದಶಕದಲ್ಲಿ ಸ್ಲೈಡ್ ಫಿಲ್ಮ್ ಬಳಸಿ ಇದನ್ನು ಮಾಡಿದರು. ಒಂದೇ ದೃಶ್ಯದ ಎರಡು ಸ್ಲೈಡ್ ತೆಗೆಯುವುದು, ಒಂದು ಚೂಪಾಗಿ, ಇನ್ನೊಂದು ಫೋಕಸ್ ತಪ್ಪಿಸಿ. ಆಮೇಲೆ ಒಂದರ ಮೇಲೊಂದು ಇಟ್ಟು ನೋಡುವುದು. ಎರಡು ಸ್ಲೈಡ್ ದಾಟಿ ಬರುವ ಬೆಳಕು ಕಡಿಮೆ ಅಲ್ವಾ? ಅದಕ್ಕೇ ಎರಡನ್ನೂ ಬೇಕೆಂದೇ ಜಾಸ್ತಿ ಬೆಳಕಿನಲ್ಲಿ ತೆಗೆಯುತ್ತಿದ್ದರು.

ಇದರ ಫೋಟೊಶಾಪ್ ಆ್ಯಕ್ಷನ್ ನಿಮ್ಮ ಹತ್ತಿರ ಇದೆ ಅಂತಿಟ್ಟುಕೊಳ್ಳಿ. ವಿಂಡೋ ಮೆನುವಿನಿಂದ ಆ್ಯಕ್ಷನ್ಸ್ ಪ್ಯಾನೆಲ್ ತೆರೆಯಿರಿ. ಆ್ಯಕ್ಷನ್ ಹೆಸರಿನ ಪಕ್ಕದ ಸಣ್ಣ ಬಾಣವನ್ನು ಒತ್ತಿದರೆ ಹೆಜ್ಜೆಗಳೆಲ್ಲ ಕೆಳಗೆ ಬಿಚ್ಚಿಕೊಳ್ಳುತ್ತವೆ. ಹೆಜ್ಜೆಯ ಪಕ್ಕದ ಬಾಣ ಒತ್ತಿದರೆ ಅದರ ಅಂಕಿಗಳೂ ಕಾಣುತ್ತವೆ. ಸಾಮಾನ್ಯವಾಗಿ ಹೀಗಿರುತ್ತದೆ: ಮೂಲ ಲೇಯರ್‌ನ (ಒಂದರ ಮೇಲೊಂದು ಇಡುವ ಹಾಳೆಯಂಥ ಪದರ) ಒಂದು ನಕಲು, ಅದಕ್ಕೆ ಸ್ಕ್ರೀನ್ ಮೋಡ್ (ಕೆಳಗಿನ ಲೇಯರ್ ಜೊತೆ ಬೆರೆಯುವ ಬಗೆ). ಕಾಣುತ್ತಿರುವುದನ್ನೆಲ್ಲ ಸೇರಿಸಿ ಇನ್ನೊಂದು ಲೇಯರ್, ಅದಕ್ಕೆ ಗಾಸಿಯನ್ ಬ್ಲರ್ 20 ಪಿಕ್ಸೆಲ್, ಕೊನೆಗೆ ಮಲ್ಟಿಪ್ಲೈ ಮೋಡ್. ಅಷ್ಟೇ. ಆ ಹೊಳಪು ಹುಟ್ಟುವುದು ಈ ಐದಾರು ಹೆಜ್ಜೆಗಳಲ್ಲಿ.

ಸ್ಕ್ರೀನ್ ಅಂದರೆ ಒಂದೇ ಪರದೆಯ ಮೇಲೆ ಎರಡು ಪ್ರೊಜೆಕ್ಟರ್ ಬಿಟ್ಟ ಹಾಗೆ, ಬೆಳಕು ಜಾಸ್ತಿಯಾಗುತ್ತದೆ. ಮಲ್ಟಿಪ್ಲೈ ಅಂದರೆ ಎರಡು ಸ್ಲೈಡ್ ಒಂದರ ಮೇಲೊಂದು ಇಟ್ಟ ಹಾಗೆ, ಕತ್ತಲು ಜಾಸ್ತಿಯಾಗುತ್ತದೆ. ಮಧ್ಯಮ ಬೆಳಕಿನ ಒಂದು ಚುಕ್ಕಿ 128 ಇದೆ ಅನ್ನಿ. ಸ್ಕ್ರೀನ್ ಆದಾಗ 192ಕ್ಕೆ ಏರುತ್ತದೆ. ಮಲ್ಟಿಪ್ಲೈ ಆದಾಗ ಸುಮಾರು 145ಕ್ಕೆ ಇಳಿದು ನಿಲ್ಲುತ್ತದೆ. ಅಂದರೆ ಹೆಚ್ಚುಕಡಿಮೆ ಇದ್ದಲ್ಲಿಗೇ ಬಂತು. ಈಗ ಕತ್ತಲೆಯ ಚುಕ್ಕಿ ನೋಡಿ: 50 ಇದ್ದದ್ದು 90ಕ್ಕೆ ಏರಿ, 32ಕ್ಕೆ ಇಳಿಯುತ್ತದೆ. ಬೆಳಕಿನ ಚುಕ್ಕಿ 200 ಇದ್ದದ್ದು 243ಕ್ಕೆ ಏರಿ, 232ಕ್ಕೆ ಬಂದು ನಿಲ್ಲುತ್ತದೆ. ಕತ್ತಲು ಇನ್ನೂ ಕತ್ತಲಾಯಿತು, ಬೆಳಕು ಇನ್ನೂ ಬೆಳಕಾಯಿತು. ತಲೆಗೂದಲು ಮುದ್ದೆಯಾದದ್ದು, ಆಕಾಶ ಸುಟ್ಟದ್ದು ಯಾಕೆ ಅನ್ನುವುದಕ್ಕೆ ಉತ್ತರ ಇಲ್ಲೇ ಸಿಕ್ಕಿತು. ಈ ಎಫೆಕ್ಟ್ ಒಳಗೇ ಕಾಂಟ್ರಾಸ್ಟ್ ಹೆಚ್ಚಿಸುವ ಲೆಕ್ಕ ಅಡಗಿದೆ. ಮೊದಲೇ ಕಾಂಟ್ರಾಸ್ಟ್ ಜಾಸ್ತಿ ಇರುವ ಫೋಟೊಗೆ ಇದನ್ನು ಹಾಕಿದರೆ ತಡೆಯುವುದಿಲ್ಲ. ಮೋಡ ಕವಿದ ದಿನದ, ಕಾಡಿನೊಳಗಿನ ಫೋಟೊಗಳಿಗೆ ಚೆನ್ನಾಗಿ ಹೊಂದುತ್ತದೆ.

ನಮ್ಮ ಅಳತೆಗೆ ತಿದ್ದುವುದು

ಮೊದಲು ಆ 20 ಪಿಕ್ಸೆಲ್. ಆ್ಯಕ್ಷನ್ ಮಾಡಿದವರ ಫೋಟೊ 6000 ಪಿಕ್ಸೆಲ್ ಅಗಲ ಇದ್ದಿರಬಹುದು. ಅವರಿಗೆ 20 ಅಂದರೆ ಅಗಲದ 300ನೇ ಒಂದು ಪಾಲು. ನಿಮ್ಮದು 1500 ಪಿಕ್ಸೆಲ್ ಅಗಲದ ಸಣ್ಣ ಫೋಟೊ ಆಗಿದ್ದರೆ ಅದೇ 20 ಈಗ 75ನೇ ಒಂದು ಪಾಲು. ಮಸುಕು ನಾಲ್ಕು ಪಟ್ಟು! ಮುಖದ ಗೆರೆಗಳೆಲ್ಲ ಕಲಸಿಹೋಗುತ್ತವೆ. ಇಲ್ಲಿ ಬೇಕಾದದ್ದು 5 ಪಿಕ್ಸೆಲ್. ಪಿಕ್ಸೆಲ್‌ನಲ್ಲಿ ಅಳೆಯುವ ಯಾವ ಹೆಜ್ಜೆಗಾದರೂ ಇದೇ ಮಾತು. ಚೂಪು ಮಾಡುವ ಹೆಜ್ಜೆಯಾದರೂ ಅಷ್ಟೇ, ಗ್ರೇನ್ ಆದರೂ ಅಷ್ಟೇ.

ಅಂಕಿ ಬದಲಾಯಿಸಲು ಆ ಹೆಜ್ಜೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು, ಕಿಟಕಿ ತೆರೆದುಕೊಳ್ಳುತ್ತದೆ. ಹೊಸ ಅಂಕಿ ಕೊಟ್ಟರೆ ಅದೇ ರೆಕಾರ್ಡ್ ಆಗಿ ಉಳಿಯುತ್ತದೆ. ಆದರೆ ಇದಕ್ಕಿಂತ ನನಗೆ ಇಷ್ಟವಾದ ದಾರಿ ಇನ್ನೊಂದಿದೆ. ಹೆಜ್ಜೆಯ ಎಡಗಡೆ ಎರಡು ಸಣ್ಣ ಚೌಕಗಳಿರುತ್ತವೆ. ಒಂದರಲ್ಲಿ ಸರಿ ಗುರುತು. ಅದನ್ನು ತೆಗೆದರೆ ಆ ಹೆಜ್ಜೆಯನ್ನು ಬಿಟ್ಟು ಮುಂದೆ ಹೋಗುತ್ತದೆ. ಎರಡನೆಯದನ್ನು ಒತ್ತಿದರೆ ಅಲ್ಲೊಂದು ಚಿಹ್ನೆ ಬರುತ್ತದೆ. ಆಗ ಆ್ಯಕ್ಷನ್ ಓಡುತ್ತಾ ಬಂದು ಆ ಹೆಜ್ಜೆಯಲ್ಲಿ ನಿಂತು, 'ಎಷ್ಟು ಬೇಕು?' ಅಂತ ನಿಮ್ಮನ್ನೇ ಕೇಳುತ್ತದೆ. ಬ್ಲರ್ ಹೆಜ್ಜೆಗೆ ಇದನ್ನು ಹಾಕಿಟ್ಟುಕೊಳ್ಳಿ. ಪ್ರತಿ ಫೋಟೊಗೂ ಕಣ್ಣಳತೆಯಲ್ಲಿ ನೋಡಿ ಅಂಕಿ ಕೊಡಬಹುದು, ಉಳಿದ ಹೆಜ್ಜೆಗಳು ತಮ್ಮ ಪಾಡಿಗೆ ಓಡುತ್ತವೆ.

ಇನ್ನು ಎಫೆಕ್ಟ್ ಕಡಿಮೆ ಮಾಡುವುದು. ಮೇಲಿನ ಲೇಯರ್‌ನ ಒಪ್ಯಾಸಿಟಿ, ಅಂದರೆ ಅದು ಎಷ್ಟು ಗಾಢವಾಗಿ ಕಾಣಬೇಕು ಅನ್ನುವುದನ್ನು, ಇಳಿಸಿದರಾಯಿತು ಅಂತ ಎಲ್ಲರೂ ಹೇಳುತ್ತಾರೆ. ಆರ್ಟನ್ ವಿಷಯದಲ್ಲಿ ಅದು ಕೈಕೊಡುತ್ತದೆ. ನಮ್ಮ 128ರ ಚುಕ್ಕಿಯನ್ನೇ ನೋಡಿ. ಮೇಲಿನ ಮಲ್ಟಿಪ್ಲೈ ಲೇಯರನ್ನು ಶೇ. 50ಕ್ಕೆ ಇಳಿಸಿದರೆ ಅದು 192 ಮತ್ತು 145ರ ನಡುವೆ, ಸುಮಾರು 168ಕ್ಕೆ ಬರುತ್ತದೆ. ಎಫೆಕ್ಟ್ ಕಡಿಮೆಯಾಗುವ ಬದಲು ಫೋಟೊ ಬೆಳ್ಳಗಾಯಿತು! ಯಾಕೆಂದರೆ ಕೆಳಗಿರುವ ಸ್ಕ್ರೀನ್ ಲೇಯರ್ ಪೂರ್ತಿ ಹಾಗೇ ಇದೆ. ಸರಿಯಾದ ದಾರಿ, ಎರಡೂ ಲೇಯರ್‌ಗಳನ್ನು ಒಂದು ಗ್ರೂಪ್‌ಗೆ ಸೇರಿಸಿ ಗ್ರೂಪ್‌ನ ಒಪ್ಯಾಸಿಟಿ ಇಳಿಸುವುದು. ಆಗ ಎಫೆಕ್ಟ್ ಆದ ಫೋಟೊ ಮತ್ತು ಮೂಲ ಫೋಟೊ ನಿಜವಾಗಿ ಬೆರೆಯುತ್ತವೆ.

ಗ್ರೂಪ್‌ಗೆ ಒಂದು ಮಾಸ್ಕ್ ಹಾಕಿದರೆ ಇನ್ನೂ ಒಳ್ಳೆಯದು. ಮಾಸ್ಕ್ ಮೇಲೆ ಬಿಳಿ ಇರುವಲ್ಲಿ ಎಫೆಕ್ಟ್ ಕಾಣುತ್ತದೆ, ಕಪ್ಪು ಬಳಿದಲ್ಲಿ ಕಾಣುವುದಿಲ್ಲ, ಬೂದು ಬಳಿದಲ್ಲಿ ಅರ್ಧಂಬರ್ಧ. ಮೆತ್ತಗಿನ ಬ್ರಶ್ ತೆಗೆದುಕೊಂಡು ಕಣ್ಣು, ಕೂದಲಿನ ಮೇಲೆ ಸುಮ್ನೆ ಒಂದು ಸಲ ಬೂದು ಎಳೆದು ನೋಡಿ. ಮುಖಕ್ಕೆ ಚೂಪು ಮರಳಿ ಬರುತ್ತದೆ, ಹಿನ್ನೆಲೆಯ ಹೊಳಪು ಹಾಗೇ ಉಳಿಯುತ್ತದೆ.

ಪ್ರೀಸೆಟ್ ಹಾಕಿದರೆ ಮುಖ ಯಾಕೆ ಕಿತ್ತಳೆಯಾಗುತ್ತದೆ?

ಇದಕ್ಕೆ ಎರಡು ಕಾರಣ. ಮೊದಲನೆಯದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣವನ್ನು ಕಳೆದು ಬಿಳಿಯನ್ನು ಬಿಳಿಯಾಗಿಯೇ ತೋರಿಸುವುದು. ಕ್ಯಾಮೆರಾ ತಿದ್ದದೆ ಹಾಗೇ ಕೊಡುವ ರಾ ಫೋಟೊಗಳಲ್ಲಿ ಇದನ್ನು ಕೆಲ್ವಿನ್ ಅಂಕಿಯಲ್ಲಿ ಬರೆಯುತ್ತಾರೆ. ಹಗಲು ಬೆಳಕಿಗೆ ಸುಮಾರು 5500. ಹಳದಿ ಬಲ್ಬ್ ಬೆಳಕಿಗೆ ಸುಮಾರು 3000. ಪ್ರೀಸೆಟ್ ಮಾಡಿದವರು ಹಗಲಲ್ಲಿ ತೆಗೆದ ಫೋಟೊ ಇಟ್ಟುಕೊಂಡು 5500 ಅಂತ ಸೇವ್ ಮಾಡಿದ್ದರೆ, ಮನೆಯೊಳಗೆ ಬಲ್ಬ್ ಬೆಳಕಲ್ಲಿ ತೆಗೆದ ನಿಮ್ಮ ಫೋಟೊಗೂ ಅದೇ 5500 ಬಂದು ಕೂರುತ್ತದೆ. ಬಲ್ಬಿನ ಹಳದಿಯನ್ನು ಕಳೆಯುವವರೇ ಇಲ್ಲದಂತಾಗಿ ಎಲ್ಲವೂ ಕಿತ್ತಳೆ. ಜೆಪೆಗ್ ಫೋಟೊಗಳಲ್ಲಿ ಕ್ಯಾಮೆರಾ ಮೊದಲೇ ಬಣ್ಣ ನಿರ್ಧರಿಸಿ ಕೊಟ್ಟಿರುತ್ತದೆ. ಅಲ್ಲಿ ಕೆಲ್ವಿನ್ ಬದಲು ಸೊನ್ನೆಯಿಂದ ಎಡಕ್ಕೆ, ಬಲಕ್ಕೆ ಸರಿಸುವ ಸ್ಲೈಡರ್ ಇರುತ್ತದೆ.

ಎರಡನೆಯದು ಕಿತ್ತಳೆಯ ಸ್ಲೈಡರ್. ಯಾರ ಮೈಬಣ್ಣವಾದರೂ ಸಾಫ್ಟ್‌ವೇರ್ ಲೆಕ್ಕದಲ್ಲಿ ಬಹುಪಾಲು ಕಿತ್ತಳೆಯ ಗುಂಪಿಗೇ ಬೀಳುತ್ತದೆ. ಒಬ್ಬರಿಂದ ಒಬ್ಬರಿಗೆ ಹೆಚ್ಚಾಗಿ ಬದಲಾಗುವುದು ಬೆಳಕಿನ ಮಟ್ಟ. ಪ್ರೀಸೆಟ್ ಮಾಡಿದವರು ತಮ್ಮ ಫೋಟೊದ ಮುಖಕ್ಕೆ ಹೊಂದುವ ಹಾಗೆ ಕಿತ್ತಳೆಯ ಗಾಢತೆ, ಬೆಳಕು ಎರಡನ್ನೂ ಸರಿಸಿರುತ್ತಾರೆ. ಕಪ್ಪು ಮೈಬಣ್ಣದವರ ಫೋಟೊಗೆ ತಿಳಿ ಮೈಬಣ್ಣಕ್ಕೆ ಮಾಡಿದ ಪ್ರೀಸೆಟ್ ಹಾಕಿದರೆ ಚರ್ಮ ಬೂದಿ ಬಳಿದಂತೆ ಕಾಣುವುದು ಇದಕ್ಕೇ. ಬಣ್ಣಗಳ ಮಿಕ್ಸರ್‌ನಲ್ಲಿ ಕಿತ್ತಳೆಯ ಮೂರು ಸ್ಲೈಡರ್‌ಗಳನ್ನು ಸೊನ್ನೆಗೆ ತನ್ನಿ. ಬಹಳಷ್ಟು ಫೋಟೊಗಳು ಅಷ್ಟಕ್ಕೇ ಸರಿಹೋಗುತ್ತವೆ. ನಮ್ಮವರ ಮುಖ ನಮ್ಮವರ ಮುಖದ ಹಾಗೇ ಕಾಣಬೇಕು. ಪ್ರೀಸೆಟ್ ಹಾಕಿದ ಮೇಲೆ ನಾನು ಮೊದಲು ನೋಡುವುದು ಇದನ್ನೇ.

ಲೈಟ್‌ರೂಮ್‌ನ ಹೊಸ ಆವೃತ್ತಿಗಳಲ್ಲಿ ಪ್ರೀಸೆಟ್‌ಗೆ ಅಮೌಂಟ್ ಸ್ಲೈಡರ್ ಇದೆ. 100 ಅಂದರೆ ಮಾಡಿದವರು ಇಟ್ಟಷ್ಟು, 0 ಅಂದರೆ ಏನೂ ಇಲ್ಲ, 200ರವರೆಗೂ ಏರಿಸಬಹುದು. ಸುಮಾರು 60ರಿಂದ ನೋಡಲು ಶುರುಮಾಡಿ. ಎಲ್ಲ ಹೊಂದಿಸಿದ ಮೇಲೆ ನಿಮ್ಮದೇ ಹೆಸರಲ್ಲಿ ಹೊಸ ಪ್ರೀಸೆಟ್ ಉಳಿಸಿ. ಉಳಿಸುವಾಗ ಚೆಕ್‌ಬಾಕ್ಸ್‌ಗಳ ಉದ್ದ ಪಟ್ಟಿ ಬರುತ್ತದೆ. ಅಲ್ಲಿ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್ ಎರಡರ ಗುರುತನ್ನೂ ತೆಗೆದುಬಿಡಿ. ಆ ಎರಡು ಆಯಾ ಫೋಟೊಗೆ ಸೇರಿದ್ದು. ಪ್ರೀಸೆಟ್‌ಗೆ ಉಳಿದದ್ದು ಸಾಕು.

ನಿಮ್ಮದೇ ಆ್ಯಕ್ಷನ್ ರೆಕಾರ್ಡ್ ಮಾಡುವಾಗ

ದುಂಡನೆಯ ರೆಕಾರ್ಡ್ ಬಟನ್ ಒತ್ತಿ, ಕೆಲಸ ಮಾಡಿ, ಚೌಕ ಒತ್ತಿ ನಿಲ್ಲಿಸಿ. ರೆಕಾರ್ಡ್ ಮಾಡುವುದು ಇಷ್ಟೇ. ಆತುರ ಬೇಡ, ನೀವು ಯೋಚಿಸಲು ತೆಗೆದುಕೊಂಡ ಸಮಯ ಅದರಲ್ಲಿ ಸೇರುವುದಿಲ್ಲ. ಆದರೆ ರೆಕಾರ್ಡ್ ಆದದ್ದು ಬೇರೆ ಫೋಟೊ ಮೇಲೂ ಓಡಬೇಕಲ್ಲ? ತೊಡಕು ಇರುವುದು ಅಲ್ಲಿ.

ಲೇಯರನ್ನು ಮೌಸ್‌ನಿಂದ ಒತ್ತಿ ಆರಿಸಿದರೆ ಅದರ ಹೆಸರು ರೆಕಾರ್ಡ್ ಆಗುತ್ತದೆ. ಮುಂದಿನ ಫೋಟೊದಲ್ಲಿ ಆ ಹೆಸರಿನ ಲೇಯರ್ ಇಲ್ಲದಿದ್ದರೆ ಆ್ಯಕ್ಷನ್ ಅಲ್ಲೇ ನಿಂತು ಎಚ್ಚರಿಕೆ ತೋರಿಸುತ್ತದೆ. ಬ್ಯಾಕ್‌ಗ್ರೌಂಡ್ ಲೇಯರ್ ಸಿಗುತ್ತಿಲ್ಲ ಎಂಬ ಸಂದೇಶ ಬರುವುದೂ ಹೀಗೇ. ಕೀಬೋರ್ಡ್‌ನಲ್ಲಿ ಆಲ್ಟ್ ಜೊತೆ ಚೌಕ ಕಂಸದ ಕೀಲಿ ಒತ್ತಿ ಮೇಲಿನ ಅಥವಾ ಕೆಳಗಿನ ಲೇಯರ್‌ಗೆ ಹೋದರೆ 'ಒಂದು ಮೇಲೆ', 'ಒಂದು ಕೆಳಗೆ' ಅಂತಷ್ಟೇ ರೆಕಾರ್ಡ್ ಆಗುತ್ತದೆ, ಹೆಸರಿನ ಹಂಗಿಲ್ಲ.

ಫೋಟೊದ ಮೂಲೆಯಲ್ಲಿ ನಿಮ್ಮ ಗುರುತು ಹಾಕುವ ಆ್ಯಕ್ಷನ್ ಮಾಡುವುದಾದರೆ, ರೆಕಾರ್ಡ್ ಶುರುಮಾಡುವ ಮೊದಲು ರೂಲರ್‌ನ ಅಳತೆಯನ್ನು ಪಿಕ್ಸೆಲ್‌ನಿಂದ ಶೇಕಡಾಕ್ಕೆ ಬದಲಾಯಿಸಿ. ಆಗ ಜಾಗ ಎಡದಿಂದ ಶೇ. 90, ಮೇಲಿನಿಂದ ಶೇ. 95 ಎಂಬಂತೆ ದಾಖಲಾಗುತ್ತದೆ. ಯಾವ ಅಳತೆಯ ಫೋಟೊ ಬಂದರೂ ಗುರುತು ಮೂಲೆಯಲ್ಲೇ ಕೂರುತ್ತದೆ.

ಬ್ರಶ್‌ನಿಂದ ಬಳಿದದ್ದು ಸಾಮಾನ್ಯವಾಗಿ ರೆಕಾರ್ಡ್ ಆಗುವುದಿಲ್ಲ. ಆದರೂ ಪರವಾಗಿಲ್ಲ. ಎಲ್ಲಿ ಬಳಿಯಬೇಕು ಅನ್ನುವುದು ಫೋಟೊದಿಂದ ಫೋಟೊಗೆ ಬದಲಾಗುತ್ತದೆ ತಾನೇ. ಅಂಥ ಜಾಗದಲ್ಲಿ ಪ್ಯಾನೆಲ್‌ನ ಮೆನುವಿನಿಂದ ಸ್ಟಾಪ್ ಸೇರಿಸಿ, 'ಈಗ ಕಣ್ಣಿನ ಮೇಲೆ ಬೂದು ಬಳಿಯಿರಿ' ಅಂತ ನಿಮಗೆ ನೀವೇ ಒಂದು ಚೀಟಿ ಬರೆದಿಡಬಹುದು. ಬಳಿದ ಮೇಲೆ ಮತ್ತೆ ಪ್ಲೇ ಒತ್ತಿದರೆ ಮುಂದುವರಿಯುತ್ತದೆ.

ಮೊದಲ ಹೆಜ್ಜೆಯಾಗಿ ಒಂದು ಸ್ನ್ಯಾಪ್‌ಶಾಟ್ ತೆಗೆಯುವುದನ್ನೂ ರೆಕಾರ್ಡ್ ಮಾಡಿ. ಫೋಟೊಶಾಪ್‌ನ ಹಿಸ್ಟರಿ, ನೀವು ಬದಲಾಯಿಸದಿದ್ದರೆ, 50 ಹೆಜ್ಜೆಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಉದ್ದದ ಆ್ಯಕ್ಷನ್ ಓಡಿದ ಮೇಲೆ ಹಿಂದೆ ಹೋಗುತ್ತೇನೆ ಅಂದರೆ ದಾರಿಯೇ ಇರುವುದಿಲ್ಲ. ಸ್ನ್ಯಾಪ್‌ಶಾಟ್ ಇದ್ದರೆ ಒಂದೇ ಕ್ಲಿಕ್‌ಗೆ ಶುರುವಿಗೆ ಬರಬಹುದು.

ಬೇರೆ ಸಾಫ್ಟ್‌ವೇರ್‌ಗಳಲ್ಲಿ

ಹೆಸರುಗಳು ಬೇರೆ, ವಿಚಾರ ಇದೇ. ಅಫಿನಿಟಿ ಫೋಟೊದಲ್ಲಿ ಆ್ಯಕ್ಷನ್‌ಗೆ ಮ್ಯಾಕ್ರೊ ಅನ್ನುತ್ತಾರೆ. ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್‌ನಲ್ಲಿ ಪೂರ್ತಿ ಎಫೆಕ್ಟನ್ನು ಸ್ಟೈಲ್ ಅಂತ ಉಳಿಸುತ್ತಾರೆ. ಗಿಂಪ್‌ನಲ್ಲಿ ರೆಕಾರ್ಡ್ ಮಾಡುವ ಬಟನ್ ಇಲ್ಲ, ಹೆಜ್ಜೆಗಳನ್ನು ಸ್ಕ್ರಿಪ್ಟ್‌ಫು ಅಥವಾ ಪೈಥಾನ್‌ನಲ್ಲಿ ಬರೆಯಬೇಕು. 2025ರಲ್ಲಿ ಬಂದ ಗಿಂಪ್ 3.0ರಲ್ಲಿ ಹಾಕಿದ ಫಿಲ್ಟರನ್ನು ಆಮೇಲೆ ತೆರೆದು ಅಂಕಿ ತಿದ್ದಬಹುದು, ಮೊದಲು ಅದು ಆಗುತ್ತಿರಲಿಲ್ಲ. ಫೋಟೊಶಾಪ್‌ನಲ್ಲಿ ಅದೇ ಸೌಲಭ್ಯ ಬೇಕೆಂದರೆ ಆ್ಯಕ್ಷನ್‌ನಲ್ಲಿ ಫಿಲ್ಟರ್ ಹಾಕುವ ಹೆಜ್ಜೆಗೆ ಮೊದಲು ಆ ಲೇಯರನ್ನು ಸ್ಮಾರ್ಟ್ ಆಬ್ಜೆಕ್ಟ್ (ಫಿಲ್ಟರನ್ನು ಆಮೇಲೂ ತಿದ್ದಲು ಬಿಡುವ ಲೇಯರ್) ಮಾಡಿಕೊಳ್ಳಿ. ಆಗ 20ರ ಬ್ಲರ್ ನಾಳೆ 12 ಆಗಬೇಕು ಅನ್ನಿಸಿದರೂ ಕಷ್ಟವಿಲ್ಲ.

ನೂರಾರು ಫೋಟೊಗಳಿಗೆ ಒಟ್ಟಿಗೆ ಹಾಕುವಾಗ

ಫೈಲ್ ಮೆನುವಿನ ಆಟೊಮೇಟ್‌ನಲ್ಲಿ ಬ್ಯಾಚ್ ಇದೆ. ಯಾವ ಫೋಲ್ಡರ್, ಯಾವ ಆ್ಯಕ್ಷನ್, ಎಲ್ಲಿ ಉಳಿಸಬೇಕು ಅಂತ ಹೇಳಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಇಲ್ಲಿ ಒಂದು ಚೆಕ್‌ಬಾಕ್ಸ್ ಮಾತ್ರ ಬಹಳ ಮುಖ್ಯ. ರೆಕಾರ್ಡ್ ಮಾಡುವಾಗ ಸೇವ್ ಆ್ಯಸ್ ಹೆಜ್ಜೆಯಲ್ಲಿ ಫೈಲ್ ಹೆಸರು ಟೈಪ್ ಮಾಡಿದ್ದರೆ ಆ ಹೆಸರೂ ಆ್ಯಕ್ಷನ್‌ನಲ್ಲಿ ಸೇರಿರುತ್ತದೆ. ಆಗ ಪ್ರತಿ ಫೋಟೊವೂ ಅದೇ ಹೆಸರಲ್ಲಿ, ಹಿಂದಿನದರ ಮೇಲೇ ಉಳಿಯುತ್ತಾ ಹೋಗಿ ಕೊನೆಗೆ ಒಂದೇ ಒಂದು ಫೋಟೊ ಸಿಗುತ್ತದೆ. ಆ್ಯಕ್ಷನ್‌ನ ಸೇವ್ ಆ್ಯಸ್ ಆದೇಶವನ್ನು ಬದಿಗಿಡು ಎಂಬ ಓವರ್‌ರೈಡ್ ಚೆಕ್‌ಬಾಕ್ಸ್ ಅಲ್ಲೇ ಇದೆ, ಅದಕ್ಕೆ ಗುರುತು ಹಾಕಿ. ಆ್ಯಕ್ಷನ್‌ನಲ್ಲಿ ಸೇವ್ ಆ್ಯಸ್ ಹೆಜ್ಜೆಯೇ ಇಲ್ಲದಿದ್ದರೆ ಗುರುತು ಹಾಕಬೇಡಿ, ಆಗ ಫೋಟೊಗಳು ಉಳಿಯುವುದೇ ಇಲ್ಲ. ಉಳಿಸುವ ಜಾಗ ಯಾವಾಗಲೂ ಬೇರೆ ಫೋಲ್ಡರ್ ಆಗಿರಲಿ. ಮೂಲ ಫೋಟೊಗಳ ಫೋಲ್ಡರ್ ಬೇಡವೇ ಬೇಡ.

ಅಡ್ಡ ಫೋಟೊ, ಉದ್ದ ಫೋಟೊ ಎರಡೂ ಬೆರೆತಿದ್ದರೆ ಷರತ್ತಿನ ಹೆಜ್ಜೆ ಸೇರಿಸಬಹುದು. ಅಡ್ಡ ಇದ್ದರೆ ಈ ಆ್ಯಕ್ಷನ್ ಓಡಿಸು, ಇಲ್ಲದಿದ್ದರೆ ಆ ಆ್ಯಕ್ಷನ್ ಅಂತ. ಮುಂದೆ ಪದೇ ಪದೇ ಬೇಕಾಗುವ ಕೆಲಸವಾದರೆ ಡ್ರಾಪ್ಲೆಟ್ ಮಾಡಿಟ್ಟುಕೊಳ್ಳಿ. ಡೆಸ್ಕ್‌ಟಾಪ್ ಮೇಲೆ ಒಂದು ಐಕಾನ್ ಕೂರುತ್ತದೆ, ಫೋಟೊಗಳನ್ನು ಎಳೆದು ಅದರ ಮೇಲೆ ಬಿಟ್ಟರೆ ಫೋಟೊಶಾಪ್ ತಾನೇ ತೆರೆದುಕೊಂಡು ಕೆಲಸ ಶುರುಮಾಡುತ್ತದೆ.

ಇಡೀ ಫೋಲ್ಡರ್ ಮೇಲೆ ಓಡಿಸುವ ಮೊದಲು ಐದು ಫೋಟೊಗಳನ್ನು ಬೇರೆ ಫೋಲ್ಡರ್‌ಗೆ ನಕಲು ಮಾಡಿಕೊಳ್ಳಿ. ಒಂದು ತೀರಾ ಕತ್ತಲೆಯದು, ಒಂದು ತೀರಾ ಬೆಳಕಿನದು, ಒಂದು ಹತ್ತಿರದ ಮುಖ, ಒಂದು ಉದ್ದನೆಯದು, ಒಂದು ಸಣ್ಣ ಅಳತೆಯದು. ಓಡಿಸಿದ ಮೇಲೆ ಪ್ರತಿಯೊಂದನ್ನೂ ಶೇ. 100ಕ್ಕೆ ದೊಡ್ಡದು ಮಾಡಿ ಕಣ್ಣು, ಕೂದಲು, ಆಕಾಶ ನೋಡಿ. ಎಲ್ಲಿ ಕೆಟ್ಟಿದೆಯೋ ಆ ಹೆಜ್ಜೆಯನ್ನು ತೆರೆದು ಅಂಕಿ ತಿದ್ದಿ, ಅದೇ ಐದರ ಮೇಲೆ ಮತ್ತೊಮ್ಮೆ ಓಡಿಸಿ.